ಹೆಸರು ಕೂಗುವ ಮೈಕಕ್ಕ

ಮೈಕಕ್ಕನ ದನಿ ಊರಿಗೆಲ್ಲ ಗೊತ್ತು, ಮುಖ ಕಂಡವರು ಕಡಿಮೆ. ರೈಲು ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಕೂಗಿ ಕೂಗಿಯೇ ಮಗಳನ್ನು ಓದಿಸಿ ದಡ ಮುಟ್ಟಿಸಿದವಳು. ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ಹೈಸ್ಕೂಲಿನವರು ವರ್ಷಕ್ಕೊಮ್ಮೆ ಕರೆಸತೊಡಗಿದರು. ಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಕಠಿಣ ಪರೀಕ್ಷೆ ಬರೆದು ಗೆದ್ದ ಮಕ್ಕಳಿಗೆ ಪದಕ ಕೊಡುವ ಸಮಾರಂಭ. ಹೆಸರು ಕೂಗುವುದು ಇವಳ ಪಾಲು.

"ನಿದ್ದೆಗೆಟ್ಟು ಓದಿರ್ತವೆ, ಅವುಗಳ ಹೆಸರನ್ನ ನಾನು ಕೆಡಿಸಬಾರದು" ಎಂದು ಹಿಂದಿನ ದಿನವೇ ಹೋಗಿ, ಖಾಲಿ ಸಭಾಂಗಣದಲ್ಲಿ ನಾಲಿಗೆ ಪಳಗಿಸಿಕೊಳ್ಳುತ್ತಿದ್ದಳು.

ಆ ವರ್ಷ ಒಬ್ಬ ಹುಡುಗಿಯದು ತೀರಾ ಹಳೇ ಕಾಲದ ಹೆಸರು. ಅಭ್ಯಾಸದಲ್ಲಿ ಅದನ್ನು ಕೂಗಿದ್ದೇ ತಡ, ಹಿಂದಿನ ಸಾಲಿನಲ್ಲೊಂದು ಕುರ್ಚಿ ಟಪ್ಪೆಂದಿತು. ಕೂತವರು ಎದ್ದೊಡನೆ ತಾನಾಗಿ ಮಡಚಿಕೊಳ್ಳುವ ಕುರ್ಚಿಗಳವು.

"ಯಾರದು?"

ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಸಾಲು ಖಾಲಿ.

"ಸ್ಪ್ರಿಂಗ್ ಸಡಿಲ ಆಗಿರುತ್ತೆ ಬಿಡಕ್ಕಾ" ಅಂದ, ಏಣಿ ಮೇಲೆ ದೀಪ ಸರಿಪಡಿಸುತ್ತಿದ್ದ ಎಲೆಕ್ಟ್ರಿಷಿಯನ್.

ಅವಳು ಅದೇ ಹೆಸರನ್ನು ಮತ್ತೆ ಕೂಗಿದಳು. ಟಪ್. ಈ ಸಲ ಚಪ್ಪಲಿ ಎಳೆಯುತ್ತಾ ಯಾರೋ ನಡೆದು ಬಂದ ಸದ್ದು ವೇದಿಕೆಯ ಮೆಟ್ಟಿಲ ಬುಡಕ್ಕೆ ಬಂದು ನಿಂತಿತು. ಬಿಸಿಲು ಬಿದ್ದ ನೆಲದ ಮೇಲೆ ನೆರಳೂ ಇರಲಿಲ್ಲ.

"ಉಳಿದಿದ್ದು ನಾಳೆ ಮಾಡ್ತೀನಕ್ಕಾ" ಎಂದವನು ಏಣಿಯನ್ನೂ ಬಿಟ್ಟು ಹೋದ.

ಆ ಹೆಸರಿನ ಹುಡುಗಿಗೇನಾದರೂ ಆಗಿದೆಯೋ ಎಂದು ಮೈಕಕ್ಕ ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಳು. ನೋಡಿದರೆ ಹುಡುಗಿ ಗುಂಡುಕಲ್ಲಿನಂತಿದ್ದಾಳೆ! ಮೈಕಕ್ಕ ಅಲ್ಲೇ ಹುಡುಗಿಯ ತಾಯಿಯನ್ನು ಕೇಳಿದಳು: "ಮಗಳಿಗೆ ಇಷ್ಟು ಹಳೇ ಹೆಸರು ಯಾಕೆ?"

"ನಮ್ಮಮ್ಮನ ಹೆಸರಕ್ಕಾ. ಹೋದ ತಿಂಗಳು ತೀರ್ಕೊಂಡ್ರು. ಇಲ್ಲೇ ಓದಿದ್ದು. ಅವರ ಕಾಲದ ದೊಡ್ಡ ಪರೀಕ್ಷೆ ಗೆದ್ದಿದ್ರು, ಆದ್ರೆ ಬಹುಮಾನದ ದಿನ ಮನೆಯವರು ಕಳಿಸಲಿಲ್ಲ. ಕೊನೆಕೊನೆಗೆ 'ಕರೀತಿದಾರೆ, ಹೋಗ್ಬೇಕು' ಅಂತ ಹಾಸಿಗೆಯಿಂದ ಏಳೋರು."

ಸಭೆಯಲ್ಲಿ ಆ ಹೆಸರಿನ ಸರದಿ ಬಂತು. ಮೈಕಕ್ಕ ಕೂಗಿದಳು. ಹುಡುಗಿ ಹೆಜ್ಜೆಯಿಟ್ಟಾಗ ಕೈಯೆತ್ತಿ ತಡೆದಳು. ಮೈಕು ಕೆಟ್ಟಿರಬೇಕೆಂದು ಜನ ಸುಮ್ಮನೆ ಕೂತರು. ಚಪ್ಪಲಿ ಎಳೆಯುವ ಸದ್ದು ಮೆಟ್ಟಿಲೇರಿತು, ಮೈಕಕ್ಕನ ಬೆನ್ನ ಹಿಂದೆಯೇ ಹಾದುಹೋಯಿತು. ಕತ್ತಿನ ಕೂದಲು ನಿಮಿರಿದವು. ಪದಕ ಹಿಡಿದಿದ್ದ ಅತಿಥಿ ಬೆಚ್ಚಿ ಕೈ ಉಜ್ಜಿಕೊಂಡು, "ಫ್ಯಾನ್ ಕಡಿಮೆ ಮಾಡ್ರಪ್ಪ" ಎಂದರು.

ಆಮೇಲೆ ಅವಳು ಅದೇ ಹೆಸರನ್ನು ಇನ್ನೊಮ್ಮೆ ಕೂಗಿದಳು. ಮೊಮ್ಮಗಳು ಬಂದು ನಗುನಗುತ್ತಾ ಪದಕ ಪಡೆದಳು.

ಹೊರಗೆ ಹುಡುಗಿಯ ತಾಯಿ ಬಂದು ಮೈಕಕ್ಕನ ಕೈ ಹಿಡಿದುಕೊಂಡಳು. "ಆ ನಡಿಗೆ ನಂಗೆ ಗೊತ್ತಾಗಲ್ವೇನಕ್ಕಾ?" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡಳು.

ಮನೆ ಸೇರಿದ ಮೈಕಕ್ಕನಿಗೆ ಜ್ವರ ಏರಿತು. "ಇನ್ನು ಆ ಸ್ಕೂಲಿನ ಕಡೆ ತಲೆ ಹಾಕಿಯೂ ಮಲಗಬೇಡ" ಎಂದು ಗಂಡ ರೇಗಿದ.

ಮುಂದಿನ ವರ್ಷ ಕರೆ ಬಂದಾಗ ಅವಳು ಚಪ್ಪಲಿ ಮೆಟ್ಟಿಕೊಂಡಳು.

"ಹೆದರಿಕೆ ಆಗಲ್ವೇನೇ?" ಗಂಡ ಕೇಳಿದ.

"ಆಗುತ್ತೆ. ಆದ್ರೆ ಅಲ್ಲಿ ಇನ್ನೂ ಎಷ್ಟು ಜನ ಕಾಯ್ತಾ ಕೂತಿದ್ದಾರೋ, ಯಾರಿಗೆ ಗೊತ್ತು."