ಗಂಟಿ ನಿಲ್ಲೂತನಕ

ಇವತ್ತು ಕಲಬುರಗಿಯ ಸಿಗ್ನಲ್ಲಿನಲ್ಲಿ ಹಿಂದಿದ್ದ ಸೈಕಲ್ಲಿನವನು ಬಿಡದೆ ಗಂಟಿ ಹೊಡೆದ. ಆಫೀಸಿಗೆ ತಡವಾಗಿತ್ತು. ದೀಪ ಕೆಂಪಗಿದ್ದರೂ ನನ್ನ ಬಲಗೈ ಸ್ಕೂಟಿಯ ಹಿಡಿಕೆ ತಿರುವುತ್ತಲೇ ಇತ್ತು.

ಕಮಲಾಪುರದ ನಮ್ಮ ಮನೆಯಲ್ಲಿ ಹಾಲಿನಿಂದ ಕೆನಿ ತೆಗೆಯುವ ಕೈ ಮಷೀನಿತ್ತು. ಅದು ಬರುವ ಮುಂಚೆ ಕೆನಿ ಕಟ್ಟಲೆಂದು ಹಾಲಿಟ್ಟು ಕಾಯಬೇಕಿತ್ತು, ಬ್ಯಾಸಗಿಯಲ್ಲಿ ಅಷ್ಟರೊಳಗೆ ಹಾಲೇ ಹುಳಿಯಾಗುತ್ತಿತ್ತು. ಮಷೀನ್ ಬಂದ ಮೇಲೆ ಎಮ್ಮಿ ಹಿಂಡಿದ ಅರ್ಧ ತಾಸಿಗೇ ಒಂದು ಮೂತಿಯಿಂದ ಕೆನಿ, ಇನ್ನೊಂದರಿಂದ ತೆಳು ಹಾಲು. ಅದರ ಹಿಡಿಕೆಗೊಂದು ಗಂಟಿ. ತಿರುವುವ ವೇಗ ಸಾಲದಿದ್ದರೆ ಟಣ್ ಟಣ್ ಅನ್ನುತ್ತಿತ್ತು, ಸಾಕಾದಾಗ ಸುಮ್ಮನಾಗುತ್ತಿತ್ತು. ಆಮೇಲೆಯೇ ಮೇಲಿನ ಬೋಗುಣಿಯ ಹಾಲಿನ ನಳ ಬಿಡಬೇಕು.

ನನಗೆಲ್ಲಿಯ ತಾಳ್ಮೆ! ಪಾಟಿಚೀಲ ಹಿಡಿದು ಸಾಲಿಗೆ ಓಡುವ ಗಡಿಬಿಡಿಯಲ್ಲಿ ಒಂದಿನ ಗಂಟಿ ಹೊಡಕೊಳ್ಳುತ್ತಿದ್ದಾಗಲೇ ನಳ ಬಿಟ್ಟೆ. ಕೆನಿಯೆಲ್ಲ ತೆಳು ಹಾಲಿನ ಜೊತೆಗೇ ಹೋಯಿತು.

ಅವ್ವ ಬಯ್ಯಲಿಲ್ಲ. ಅದೇ ಹಾಲನ್ನು ಮತ್ತೆ ಬೋಗುಣಿಗೆ ಸುರಿದಳು. "ತಿರುವು. ಗಂಟಿ ನಿಲ್ಲೂತನಕ ಸಾಲಿ ಇಲ್ಲ."

ಇವತ್ತು ಮಧ್ಯಾಹ್ನ ಆಫೀಸಿನಿಂದ ಫೋನ್ ಮಾಡಿ ಕೇಳಿದೆ: "ಅವ್ವಾ, ಈಗಿನ ಕರೆಂಟ್ ಮಷೀನಿಗೆ ಗಂಟಿನೇ ಇಲ್ಲಲ್ಲ?"

"ಗಡಿಬಿಡಿ ಮಾಡಾಕ ಇಲ್ಲಿ ನೀ ಇಲ್ಲಲ್ಲ," ಅಂದಳು, "ಗಂಟಿ ಯಾಕ ಬೇಕು?"