ನಾಯಿ ಅಂಗಿಗಳ ಚೀಲ ಹೊತ್ತು ನಾಗಮಂಗಲದವರೆಗೆ

ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಇಪ್ಪತ್ತೆರಡು ವರ್ಷ ರವಿಕೆ, ಲಂಗ, ಶಾಲೆಯ ಯೂನಿಫಾರಂ ಹೊಲಿದವಳು ನಾಯಿಗಳಿಗೆ ಅಂಗಿ ಹೊಲಿಯತೊಡಗಿದ್ದು ಹೋದ ವರ್ಷ. ನಮ್ಮೂರಿನ ಪ್ರಾಣಿದಯಾ ಸಂಘದವರು ಸಾಕುನಾಯಿ, ಬೆಕ್ಕುಗಳಿಗೆ ಪುಕ್ಕಟೆಯಾಗಿ ಸಂತಾನಹರಣ ಆಪರೇಶನ್ ಮಾಡುತ್ತಾರೆ. ಆಮೇಲೆ ನಾಯಿ ಹೊಲಿಗೆ ನೆಕ್ಕಿ ಕಿತ್ತುಕೊಳ್ಳದಂತೆ ಹೊಟ್ಟೆ ಸುತ್ತ ಒಂದು ಅಂಗಿ ತೊಡಿಸಬೇಕು. ಹಳೆಯ ಬೆಡ್‌ಶೀಟಿನಲ್ಲಿ ಅದನ್ನು ಹೊಲಿದುಕೊಡುವುದು ನನ್ನ ಪಾಲಿನ ಕೆಲಸ. ಈ ಸಲ ಸಂಘದ ವ್ಯಾನು ಮೂರು ದಿನ ಮೂರು ತಾಲ್ಲೂಕು ಸುತ್ತುವುದಿತ್ತು. "ಅಳತೆ ಸರಿಹೋಗದಿದ್ರೆ ಅಲ್ಲೇ ಬಿಚ್ಚಿ ಹೊಲೀಬೇಕಾಗುತ್ತೆ, ನೀವೂ ಬನ್ನಿ ಸುಮಿತ್ರಕ್ಕ" ಎಂದರು ಸಂಘದ ಡಾಕ್ಟರ್ ಶೈಲಜಾ. "ನಾಯಿ ಜೊತೆ ಟೂರಾ?" ಎಂದು ನಕ್ಕ ನಮ್ಮ ಯಜಮಾನರು, ಹೊರಡುವ ದಿನ ತಾವೇ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಟ್ಟರು.

ಬೆಳಗ್ಗೆ ಆರೂವರೆಗೆ ಹೊರಟೆವು. ವ್ಯಾನಿನಲ್ಲಿ ನಾವು ಮೂವರೇ: ಡಾಕ್ಟರು, ನಾನು, ಡ್ರೈವರ್ ಪುಟ್ಟಸ್ವಾಮಿ. ಐವತ್ತು ದಾಟಿದ ಪುಟ್ಟಸ್ವಾಮಿ ಗಾಡಿಯನ್ನೂ ಓಡಿಸುತ್ತಾನೆ, ಬಲೆ ಬೀಸಿ ನಾಯಿಯನ್ನೂ ಹಿಡಿಯುತ್ತಾನೆ. ಹಿಂದೆ ಆಪರೇಶನ್ ಟೇಬಲ್ಲು, ಔಷಧಿ ಪೆಟ್ಟಿಗೆ, ಬೋನುಗಳು, ನನ್ನ ಕೈಮಿಷನ್ನು, ಅಂಗಿಗಳ ಚೀಲ.

ಪಾಂಡವಪುರ ಹತ್ತಿರವೇ. ಊರಿಗೆ ಇನ್ನೂ ಎರಡು ಮೈಲಿ ಇರುವಾಗ ನಾಲೆ ಏರಿಯ ಮೇಲೆ ಒಂದು ರಟ್ಟಿನ ಡಬ್ಬ ಅಲುಗಾಡುವುದನ್ನು ಕಂಡು ಪುಟ್ಟಸ್ವಾಮಿ ಬ್ರೇಕ್ ಹಾಕಿದ. ಒಳಗೆ ಮೂರು ನಾಯಿಮರಿಗಳು, ತಿಂಗಳು ತುಂಬಿರಬೇಕು. ಎರಡು ಗಂಡು, ಒಂದು ಹೆಣ್ಣು. ಯಾರೋ ಮೇಲೆ ಗೋಣಿತಾಟು ಹೊದಿಸಿ, ಪಕ್ಕದಲ್ಲಿ ಅರ್ಧ ಬನ್ನು ಇಟ್ಟಿದ್ದರು. "ಬಿಸಾಕೋರು ಬನ್ನು ಬೇರೆ ಇಟ್ಟವ್ರಲ್ಲ!" ಎಂದ ಪುಟ್ಟಸ್ವಾಮಿ. ಡಬ್ಬ ನನ್ನ ತೊಡೆಯ ಮೇಲೆ ಬಂತು. ಊರು ಸೇರುವುದರೊಳಗೆ ನನ್ನ ಸೀರೆ ಒದ್ದೆಯಾಗಿತ್ತು.

ಪಾಂಡವಪುರದಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಒಬ್ಬಾಕೆ ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿಟ್ಟು ಮೇಲೆ ಸೆರಗು ಮುಚ್ಚಿ ತಂದಿದ್ದಳು. ದಪ್ಪಮೀಸೆಯ ಗೌಡರೊಬ್ಬರು ತಮ್ಮ ಗಂಡುನಾಯಿಯನ್ನು ಹಿಡಿದುಕೊಂಡು, ಸುತ್ತ ನೋಡಿ, ಡಾಕ್ಟರ ಕಿವಿಯ ಹತ್ತಿರ ಕೇಳಿದರು: "ಗಂಡಿಗೂ ಮಾಡ್ತಿರಾ ಮೇಡಮ್ಮು? ಇವ್ನು ಊರೆಲ್ಲಾ ಸಂಸಾರ ಮಡಗವ್ನೆ." ಸಾಲಿಗೆ ಸಾಲೇ ನಕ್ಕಿತು. ಆ ದಿನ ಒಂದು ಡುಮ್ಮ ನಾಯಿಗೆ ಎರಡು ಅಂಗಿ ಬಿಚ್ಚಿ ಒಂದು ಮಾಡಿ ಹೊಲಿದೆ. ಹೂವಿನ ಬೆಡ್‌ಶೀಟು ತೊಟ್ಟು ಅದು ಮದುವೆ ಮನೆಗೆ ಹೊರಟಂತೆ ನಡೆಯಿತು.

ಮಾರನೆಯ ದಿನ ಚಿನಕುರಳಿ ದಾಟಿ ಕೆ.ಆರ್.ಪೇಟೆ. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ತಟ್ಟೆಇಡ್ಲಿ ತಿಂದು, ಮರಿಗಳಿಗೆ ಹಾಲು ಕುಡಿಸಿ, ಕ್ಯಾಂಪಿನ ಜಾಗಕ್ಕೆ ಹೋದರೆ ಆಗಲೇ ಒಬ್ಬ ಹೆಂಗಸು ಕೆಂಪು ನಾಯಿಯೊಂದನ್ನು ಕಟ್ಟಿಕೊಂಡು ಕೂತಿದ್ದಳು. ಹೆಸರು ಜಯಮ್ಮ. ಕಿಕ್ಕೇರಿ ಕಡೆಯ ಹಳ್ಳಿಯಿಂದ ಹಾಲಿನ ಆಟೋದಲ್ಲಿ ಬಂದಿದ್ದಳು. ನಾಯಿ ಕೆಂಪಿ ಐದು ಸೂಲು ಹೆತ್ತಿತ್ತಂತೆ.

"ನಮ್ಮನೆಯವ್ರಿಗೆ ಗೊತ್ತಿಲ್ಲ ಕಣಕ್ಕ. ಆಪ್ರೇಸನ್ ಮಾಡಿದ್ರೆ ನಾಯಿ ಕಾವಲು ಕಾಯಕಿಲ್ಲ, ಪಾಪ ಬತ್ತದೆ ಅಂತಾರೆ. ಮರಿ ಆಕಿದ್ರೆ ಚೀಲಕ್ಕೆ ತುಂಬ್ಕೊಂಡು ಎಲ್ಲೋ ಬುಟ್ಬುಟ್ಟು ಬತ್ತಾರೆ. ಕೆಂಪಿ ಒಂದು ವಾರ ಊರೆಲ್ಲಾ ಉಡುಕ್ತದೆ. ನನ್ ಕೈಲಿ ನೋಡಕಾಯ್ತಿಲ್ಲ."

ಡಾಕ್ಟರು ಕೆಂಪಿಯನ್ನೇ ಮೊದಲು ತೆಗೆದುಕೊಂಡರು. ಮಧ್ಯಾಹ್ನ ಅದನ್ನು ನೆರಳಿನಲ್ಲಿ ಮಲಗಿಸಿ ಅಂಗಿ ತೊಡಿಸುತ್ತಿದ್ದೆ. ಒಂದು ಟಿವಿಎಸ್ ಗಾಡಿ ಬಂದು ನಿಂತಿತು. ಜಯಮ್ಮನ ಗಂಡ ನಿಂಗೇಗೌಡ. "ಯಾರನ್ನ ಕೇಳಿ ಕುಯ್ದ್ರಿ ನನ್ ನಾಯ್ನ?" ಎಂದು ಕೂಗಿದ ರಭಸಕ್ಕೆ ಕೆಲವರು ತಮ್ಮ ನಾಯಿಗಳ ಹಗ್ಗ ಬಿಚ್ಚಿಕೊಂಡು ಹೊರಡಲು ಎದ್ದರು. ಒಬ್ಬರು ಹೋದರೆ ಎಲ್ಲರೂ ಹೋಗುತ್ತಾರೆ.

ಜಯಮ್ಮ ಎದ್ದು ನಿಂತಳು. "ನನ್ನ ಕೇಳಿ. ನಾನೇ ಕರ್ಕಂಡ್ ಬಂದೆ. ನೀವು ಚೀಲ ತಕಂಡ್ ಓಗುವಾಗ ಯಾರನ್ನ ಕೇಳಿದ್ರಿ?"

ಆಗ ಗೌಡನ ಕಣ್ಣು ನನ್ನ ಪಕ್ಕದ ಡಬ್ಬದ ಮೇಲೆ ಬಿತ್ತು. ಮೂರು ಮರಿಗಳೂ ಮೂತಿ ಎತ್ತಿ ಕುಂಯ್ ಎನ್ನುತ್ತಿದ್ದವು. "ಇವು ಎಲ್ಲಿವು?" ಎಂದ. ನಾಲೆ ಏರಿಯ ಕಥೆ ಹೇಳಿದೆ. ಅವನು ಕುಕ್ಕರಗಾಲಲ್ಲಿ ಕೂತು ಒಂದು ಮರಿಯ ತಲೆ ಸವರಿದ.

"ಬುಟ್ ಬಂದ್ಮೇಲೆ ನಂಗೂ ಅನ್ನ ಸೇರಕಿಲ್ಲ ಕಣವ್ವ," ಎಂದ ಮೆಲ್ಲಗೆ. "ಒಂದ್ಸಲ ಅರ್ಧ ದಾರಿಯಿಂದ ವಾಪಸ್ ಓಗಿದ್ದೆ. ಅಷ್ಟೊತ್ಗೆ ಇರ್ನಿಲ್ಲ."

ಅಷ್ಟರಲ್ಲಿ ಕೆಂಪಿ ಮಂಪರಿನಲ್ಲೇ ಅವನ ದನಿ ಕೇಳಿ ಬಾಲವನ್ನು ನೆಲಕ್ಕೆ ಎರಡು ಸಲ ಬಡಿಯಿತು. ಡಾಕ್ಟರು ಕೆಂಪಿಗೆ ಹಾಕಿದ್ದ ಗ್ಲೂಕೋಸ್ ಬಾಟಲಿಯನ್ನು ಅವನ ಕೈಗೆ ಕೊಟ್ಟು, "ಸ್ವಲ್ಪ ಎತ್ತಿ ಹಿಡ್ಕೊಳ್ಳಿ ಗೌಡ್ರೇ, ನಮಗೆ ಕೈ ಸಾಲ್ತಿಲ್ಲ" ಎಂದರು. ಬಾಟಲಿ ಖಾಲಿಯಾಗುವವರೆಗೂ ಅವನು ಕೈ ಇಳಿಸಲಿಲ್ಲ. ಎದ್ದು ನಿಂತವರು ಮತ್ತೆ ಕೂತರು. ಸಂಜೆ ಗೌಡ ಕೆಂಪಿಯನ್ನು ಜಯಮ್ಮನ ಮಡಿಲಿಗಿಟ್ಟು ಟಿವಿಎಸ್ಸನ್ನು ನಡೆದಷ್ಟೇ ನಿಧಾನವಾಗಿ ಓಡಿಸಿಕೊಂಡು ಹೋದ. ಮರುದಿನ ನಾವು ಹೊರಡುವ ಮೊದಲೇ ಟ್ರಾಕ್ಟರು ತುಂಬ ತಮ್ಮೂರ ನಾಯಿಗಳನ್ನು ತಂದು ನಿಲ್ಲಿಸಿದ! "ಅಕ್ಕಪಕ್ಕದವು. ಬೈದು ಬೈದು ಒಪ್ಪಿಸ್ಬುಟ್ಟೆ." ಅದರಿಂದ ನಾಗಮಂಗಲಕ್ಕೆ ಮಧ್ಯಾಹ್ನ ತಲುಪುವಂತಾಯಿತು. ನಮಗೆ ಬೇಸರವೇನೂ ಆಗಲಿಲ್ಲ.

ದಾರಿಯುದ್ದ ಗದ್ದೆ ಕಡಿಮೆಯಾಗಿ ತೆಂಗು, ಕೊಯ್ದ ರಾಗಿಹೊಲ ಹೆಚ್ಚಾದವು. ಬಿಸಿಲು ಚುರುಗುಟ್ಟುತ್ತಿತ್ತು. ನಾಗಮಂಗಲದ ಕ್ಯಾಂಪಿನಲ್ಲಿ ಗಂಡುಮರಿಗಳೆರಡೂ ಗಂಟೆಯೊಳಗೆ ಮನೆ ಸೇರಿದವು. ಒಂದನ್ನು ತೆಂಗಿನ ತೋಟದವರು, ಇನ್ನೊಂದನ್ನು ನಿವೃತ್ತ ಮೇಷ್ಟ್ರು ಒಯ್ದರು. ಹೆಣ್ಣುಮರಿಯನ್ನು ಮಾತ್ರ ಎಲ್ಲರೂ ಎತ್ತಿ, ತಿರುಗಿಸಿ ನೋಡಿ, ಕೆಳಗಿಡುತ್ತಿದ್ದರು. "ಎಣ್ಣು ಬ್ಯಾಡ ಬುಡಕ್ಕ, ಮರಿ ಆಕ್ತದೆ." ಆರು ತಿಂಗಳಾದಾಗ ನಾವೇ ಆಪರೇಶನ್ ಮಾಡುತ್ತೇವೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಗಂಟಲಿಗೆಂದೇ ಎದುರಿನ ಟೀ ಅಂಗಡಿಗೆ ಹೋದೆ. ಮರಿ ನನ್ನ ಕಂಕುಳಲ್ಲಿತ್ತು. ಅಂಗಡಿಯ ಪುಟ್ಟತಾಯಮ್ಮ ಟೀ ಸೋಸುತ್ತಲೇ ಕೇಳಿದಳು: "ಆಗ್ಲಿಂದ ನೋಡ್ತಾವ್ನಿ, ಯಾಕೆ ಅದ್ನ ಎಲ್ರೂ ಎತ್ತಿ ಮಡಗ್ತಾವ್ರೆ?"

"ಹೆಣ್ಣು ಅಂತ ಬೇಡವಂತೆ ಕಣಮ್ಮ."

ಆಕೆ ಸೋಸುವುದನ್ನು ನಿಲ್ಲಿಸಿದಳು. "ಅಂಗಂದ್ರಾ? ನಾಕು ಎಣ್ಮಕ್ಳು ಸಾಕಿ ದಡ ಸೇರಿಸಿವ್ನಿ. ಇದೊಂದು ಭಾರಾಯ್ತದಾ? ಕೊಡಿ ಇಲ್ಲಿ."

ರಿಜಿಸ್ಟರಿನಲ್ಲಿ ಆಕೆಯ ಹೆಸರು ಬರೆದುಕೊಂಡೆ. ಆಪರೇಶನ್ನಿಗೆ ನೆನಪಿಸಲು ಫೋನ್ ಮಾಡುತ್ತೇವೆ ಎಂದರೆ, "ನೀವು ಮರ್ತ್ರೂ ನಾನೇ ಬಸ್ಸತ್ತಿಸ್ಕೊಂಡ್ ಬತ್ತೀನಿ" ಎಂದಳು.

ಸಂಜೆ ಐದಕ್ಕೆ ಜಕ್ಕನಹಳ್ಳಿ ದಾರಿ ಹಿಡಿದು ಊರಿಗೆ ಹೊರಟೆವು. ಬೋನುಗಳು ಖಾಲಿ, ನನ್ನ ತೊಡೆಯೂ ಖಾಲಿ. ವ್ಯಾನು ತಿರುಗುವಾಗ ಕಿಟಕಿಯಿಂದ ನೋಡಿದೆ. ಪುಟ್ಟತಾಯಮ್ಮ ಸೌಟು ಹಿಡಿದ ಕೈಯನ್ನೇ ಚಾಚಿ ಗಿರಾಕಿಯೊಬ್ಬನಿಗೆ ಜೋರಾಗಿ ಹೇಳುತ್ತಿದ್ದಳು: "ಲೇ, ನೋಡ್ಕಂಡ್ ಕಾಲ್ ಮಡುಗ್ಲಾ! ನಮ್ ಮಗಿ ಮಲ್ಕಂಡದೆ."