ತಡೆಯಾಜ್ಞೆ ಇದ್ದ ಓಣಿ

ಊರಿನಲ್ಲಿ ಯಾರಿಗಾದರೂ ಜಮೀನಿನ ತಕರಾರು ಬಂದರೆ ಈಗಲೂ ನಮ್ಮ ಜಗಲಿಗೆ ಬಂದು ಕೂರುತ್ತಾರೆ. ವಕೀಲರನ್ನು ಇಡಬೇಕೋ ಬೇಡವೋ ಎಂದು ಕೇಳುತ್ತಾರೆ. ಕೋರ್ಟು ಕಂಡ ಮನೆ ಎಂಬ ಹೆಸರು ನಮಗೆ ಬಿದ್ದುಬಿಟ್ಟಿದೆ. ಟೀ ಕೊಟ್ಟು, ಗೊತ್ತಿದ್ದಷ್ಟು ಹೇಳುತ್ತೇನೆ. ಸಿವಿಲ್ ವಕೀಲರು ಸಿನಿಮಾದಲ್ಲಿ ಕೂಗಾಡುವವರ ಹಾಗಲ್ಲ. ನಮ್ಮ ಜಗಳವನ್ನು ಕೋರ್ಟಿಗೆ ತಿಳಿಯುವ ಮಾತಿನಲ್ಲಿ ಬರೆದು ದಾವೆ ಹಾಕುತ್ತಾರೆ, ಹಳೆಯ ಪತ್ರ ಹುಡುಕಿಸುತ್ತಾರೆ, ಸಾಕ್ಷಿ ಯಾರೆಂದು ಕೇಳುತ್ತಾರೆ, ಎದುರಿನವರ ಉತ್ತರಕ್ಕೆ ಕಾಯುತ್ತಾರೆ. ಕಾಯುವುದೇ ಹೆಚ್ಚು. ಇಷ್ಟು ಹೇಳಿದ ಮೇಲೆ, ನಮ್ಮ ಅತ್ತೆ ತೀರಿಕೊಂಡ ದಿನದ ವಿಷಯವನ್ನೂ ಹೇಳಲೇ ಎಂದು ಯೋಚಿಸುತ್ತೇನೆ.

ಅಕ್ಕಿಹೆಬ್ಬಾಳಿನ ಕಡೆಯ ನಮ್ಮೂರಿನಲ್ಲಿ ಬೀದಿಗೆ ಮುಖ ಮಾಡಿರುವುದು ನಮ್ಮ ಮನೆ. ಅದರ ಹಿಂದಿನದು ಭಾವನವರದು, ಎಂದರೆ ನಮ್ಮ ಯಜಮಾನರ ಅಣ್ಣನದು. ನಮ್ಮ ಗೋಡೆಗೆ ಅಂಟಿಕೊಂಡ ಹಾಗೆ ಒಂದು ಗಾಡಿ ಹಿಡಿಯುವಷ್ಟು ಅಗಲದ ಓಣಿ. ಹಿಂದಿನ ಮನೆಯವರು ಬೀದಿಗೆ ಬರಲು ಅದೇ ದಾರಿ. ಅದು ಬಿಟ್ಟರೆ ನಾಲೆ ಏರಿಯ ಮೇಲೆ ಸುತ್ತಿಕೊಂಡು ಬರಬೇಕು. ಪಾಲಿನಲ್ಲಿ ಓಣಿ ನಮಗೆ ಬಂದಿತ್ತು, ಓಡಾಟ ಇಬ್ಬರದೂ ಇತ್ತು. ತೊಂಬತ್ತರ ದಶಕದ ಮೊದಲಲ್ಲಿ ಭಾವ ಟ್ರಾಕ್ಟರು ತಂದರು. ಕಬ್ಬು ತುಂಬಿದ ಟ್ರೈಲರು ಒಂದು ಸಂಜೆ ನಮ್ಮ ಗೋಡೆಯ ಮೂಲೆಯನ್ನು ಉಜ್ಜಿ ಕೆಡವಿತು. ಅಣ್ಣತಮ್ಮಂದಿರು ಓಣಿಯಲ್ಲೇ ನಿಂತು, ಇದು ನಿಮ್ಮಪ್ಪನದಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಅತ್ತೆ ಹಿತ್ತಿಲ ಬಾಗಿಲಿಂದ ಹೊರಗೆ ಬಂದು, "ಇಬ್ರಿಗೂ ಒಬ್ನೇ ಅಪ್ಪ ಕಣ್ರಲಾ. ಆ ಪುಣ್ಯಾತ್ಮ ಮಣ್ಣಾಗವ್ನೆ, ಅವನ್ನ್ಯಾಕೆ ಬೀದಿಗೆಳೀತೀರಿ" ಎಂದರು. ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ.

ಕೆ.ಆರ್. ಪೇಟೆಯ ವಕೀಲರು ಒಳ್ಳೆಯವರೇ. ಮೊದಲ ದಿನ, ಊರಿನ ನಾಲ್ಕು ಜನರ ಮುಂದೆ ಕೂತು ನೋಡಿ ಎಂದೇ ಹೇಳಿದ್ದರು. ಯಜಮಾನರು ಒಪ್ಪಲಿಲ್ಲ. ದಾವೆ ಬಿತ್ತು, ಭಾವ ಮತ್ತು ಅವರ ಕಡೆಯವರು ಓಣಿಗೆ ಕಾಲಿಡಬಾರದೆಂದು ತಡೆಯಾಜ್ಞೆಯೂ ಸಿಕ್ಕಿತು. ಆ ದಿನ ವಕೀಲರು ಒಂದು ಎಚ್ಚರಿಕೆ ಹೇಳಿ ಕಳಿಸಿದರು. ಕೇಸು ಮುಗಿಯುವ ತನಕ ಓಣಿಯ ವಿಷಯದಲ್ಲಿ ಏನು ಮಾಡುವುದಿದ್ದರೂ ತಮ್ಮನ್ನು ಒಂದು ಮಾತು ಕೇಳಬೇಕು; ಒಂದು ದಿನ ಬಿಟ್ಟರೂ ಎದುರಿನವರು ಅದನ್ನೇ ಹಿಡಿದು, ನಾವು ಯಾವಾಗಲೂ ಓಡಾಡುತ್ತಿದ್ದೆವು ಎನ್ನುತ್ತಾರೆ. ಟ್ರಾಕ್ಟರಿನ ವಿಷಯಕ್ಕೆ ಅದು ಸರಿಯಾದ ಮಾತು. ಯಜಮಾನರು ಅದನ್ನು ಎಲ್ಲದಕ್ಕೂ ಹಿಡಿದುಕೊಂಡರು. ಜಾಲಿಮುಳ್ಳು ತಂದು ಬೀದಿ ಕಡೆಯ ಓಣಿಯ ಬಾಯಿಗೆ ಒಟ್ಟಿದರು.

ಅತ್ತೆ ಇದ್ದದ್ದು ಹಿಂದಿನ ಮನೆಯಲ್ಲಿ. ಸಂಜೆ ನಮ್ಮ ಜಗಲಿಗೆ ಬಂದು, ನನ್ನ ಜೊತೆ ಅವರೆಕಾಯಿ ಸುಲಿಯುತ್ತಾ ಕೂರುವುದು ಅವರ ರೂಢಿ. ಮಂಡಿ ನೋವಿನವರು, ಏರಿ ಹತ್ತಿ ಇಳಿಯಲಾರರು. ಅವ್ವನಿಗೊಬ್ಬರಿಗೆ ದಾರಿ ಬಿಡಿ ಎಂದು ಕೇಳಿದೆ. ಅವ್ವನನ್ನು ಬಿಟ್ಟರೆ ಹಿಂದೆಯೇ ಟ್ರಾಕ್ಟರೂ ಬರುತ್ತದೆ ಎಂದರು. ಅಂದಿನಿಂದ ಅತ್ತೆ ಮುಳ್ಳಿನ ಆಚೆ ಮಣೆ ಹಾಕಿಕೊಂಡು ಕೂರುತ್ತಿದ್ದರು, ನಾನು ಈಚೆ. ಒಮ್ಮೆ ಉಪ್ಪುಸಾರು ಮಾಡಿದ್ದೆ, ಬೇಕೇ ಎಂದು ಕೇಳಿದೆ. "ಸಾರು ದಾಟ್ಸ್‌ಬೌದು ಅಂದವ್ರಾ ನಿಮ್ ಲಾಯ್ರು?" ಎಂದು ಕೇಳಿ, ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡೇ ನಕ್ಕರು. ಆಮೇಲೆ ಬಟ್ಟಲು ತೆಗೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು: "ಮದ್ವೆಯಾಗಿ ಈ ಓಣೀಲೇ ಬಂದೋಳು ಕಣವ್ವ ನಾನು. ಎತ್ಕೊಂಡೋಗೋದೂ ಇದ್ರಲ್ಲೇ ಆಗ್ಲಿ. ಅಷ್ಟು ನಡುಸ್ಕೊಟ್ಬುಡಿ."

ಅವರು ಹೋದದ್ದು ಒಂದು ಬೇಸಿಗೆಯ ಬೆಳಗ್ಗೆ. ಹಿಂದಿನಿಂದ ಅಳು ಕೇಳಿ ನಾವಿಬ್ಬರೂ ಏರಿಯ ಮೇಲೆ ಓಡಿದೆವು. ಯಜಮಾನರು ತಾಯಿಯ ಕಾಲು ಹಿಡಿದುಕೊಂಡು ಅತ್ತರು. ಚಟ್ಟಕ್ಕೆ ಬಿದಿರು ಬಂತು, ತಮಟೆಯವರು ಬಂದರು. ಊರಿನ ಹಿರಿಯರೊಬ್ಬರು ಯಾವ ದಾರಿಯಲ್ಲಿ ಎಂದು ಕೇಳಿದರು. ಯಜಮಾನರು ಎದ್ದು, ವಕೀಲರನ್ನು ಒಂದು ಮಾತು ಕೇಳಿ ಮಧ್ಯಾಹ್ನದೊಳಗೆ ಬಂದುಬಿಡುತ್ತೇನೆ, ಅಲ್ಲಿಯವರೆಗೆ ಇರಿ ಎಂದರು. ನಾನು ಏರಿಯ ಮೇಲೆ ಹಿಂದೆಯೇ ಹೋಗಿ, "ಕೇಳೋದೇನು, ಮೊದ್ಲು ಮುಳ್ಳು ತಗುದ್ಬುಡಿ" ಎಂದೆ. ಅವ್ವನ ಹೆಸರಿನಲ್ಲಿ ಕೇಸು ಕೆಡಬಾರದು ಎಂದು ಅವರ ಉತ್ತರ. ಬಸ್ಸು ಹತ್ತಿದರು.

ವಕೀಲರು ಅವತ್ತು ಪೇಟೆಯಲ್ಲಿ ಇರಲಿಲ್ಲ. ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಯಾವುದೋ ಕೇಸಿಗೆ ಹೋಗಿದ್ದರು. ಯಜಮಾನರು ಪಾಂಡವಪುರಕ್ಕೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಅಲ್ಲಿಗೂ ಹೋದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಇಲ್ಲಿ ಬಿಸಿಲು ನೆತ್ತಿಗೆ ಬಂತು, ಇಳಿಯಿತು. ತಮಟೆಯವರು ಎರಡು ಸಲ ತಮಟೆ ಕಾಯಿಸಿ ಸುಮ್ಮನೆ ಕೂತರು. ಅತ್ತೆಯ ಮುಖದ ಮೇಲಿನ ನೊಣ ಓಡಿಸುತ್ತಾ ಕೂತಿದ್ದ ನನಗೆ ಇನ್ನು ತಡೆಯಲಾಗಲಿಲ್ಲ. ಏರಿಯ ಮೇಲೆ ಸುತ್ತಿ ನಮ್ಮ ಮನೆಗೆ ಬಂದು, ಕವೆಗೋಲು ಹಿಡಿದು ಮುಳ್ಳು ಎಳೆಯತೊಡಗಿದೆ. ನನ್ನ ಮುಖ ನೋಡಿ ಎಂದೂ ಮಾತಾಡದ ಭಾವ ಓಣಿಯ ಆ ತುದಿಯಲ್ಲಿ ಬಂದು ನಿಂತರು.

"ಬ್ಯಾಡ ಕಣವ್ವ. ಆರ್ಡರು ನನ್ ಮ್ಯಾಲದೆ. ಕಾಲಿಟ್ರೆ ಜೈಲು ಅಂತ ನಮ್ ವಕೀಲ್ರೂ ಹೇಳವ್ರೆ. ಆಕ್ದೋನೇ ಬಂದು ತಗೀಲಿ. ಒತ್ತು ಮುಳುಗೋಗಂಟ ಕಾಯ್ತೀನಿ."

ಕಾದರು. ಯಜಮಾನರು ಬರಲಿಲ್ಲ. ಹೊತ್ತು ಮುಳುಗುತ್ತಾ ಬಂತು, ಮುಳುಗಿದ ಮೇಲೆ ಮಣ್ಣು ಮಾಡುವ ಹಾಗಿಲ್ಲ. ಹಿರಿಯರು ಎತ್ತಿ ಎಂದರು. ಏರಿಯ ಮೇಲೆ ಇಬ್ಬರು ಪಕ್ಕಪಕ್ಕ ನಡೆಯುವಷ್ಟು ಜಾಗವಿಲ್ಲ, ಚಟ್ಟಕ್ಕೆ ನಾಲ್ಕು ಹೆಗಲು ಬೇಕು. ಒಂದು ಬದಿಯ ಇಬ್ಬರು ನಾಲೆಗೆ ಇಳಿದರು. ಸೊಂಟದ ತನಕ ನೀರು. ಚಟ್ಟ ಆ ಕಡೆಗೆ ವಾಲಿಕೊಂಡೇ ಹೋಯಿತು. ಅತ್ತೆಯ ಸೀರೆಯ ಸೆರಗು ಜಾರಿ ನೀರಿನಲ್ಲಿ ಎಳೆದುಕೊಂಡು ಹೋಗುತ್ತಿದ್ದುದನ್ನು ನೋಡಿದೆ. ಹೊತ್ತವರ ಕೈ ಖಾಲಿ ಇರಲಿಲ್ಲ, ಹಿಂದೆ ಬರುತ್ತಿದ್ದ ನಮಗೆ ಎಟುಕುತ್ತಿರಲಿಲ್ಲ.

ಕೊನೆಯ ಹಿಡಿ ಮಣ್ಣು ಬಿದ್ದು, ಜನ ಕೈಕಾಲು ತೊಳೆದುಕೊಳ್ಳುವಾಗ ಯಜಮಾನರು ಬಂದರು. ನಮ್ಮ ಗದ್ದೆಯ ಬದುವಿನ ಮೇಲೆ ಓಡಿ ಬಂದಿದ್ದರು. ಮಣ್ಣಿನ ಗುಡ್ಡೆಯ ಪಕ್ಕದಲ್ಲೇ ಕೂತರು. ವಕೀಲರು ಏನೆಂದರು ಎಂದು ಯಾರೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅವರೇ ಹೇಳಿದರು. ಕೋರ್ಟಿನ ಮೆಟ್ಟಿಲ ಮೇಲೆ ವಕೀಲರು ಇವರ ಮಾತು ಪೂರ್ತಿ ಕೇಳಿ, ಕೈಯಲ್ಲಿದ್ದ ಫೈಲು ಕೆಳಗಿಟ್ಟರಂತೆ. "ನಿನ್ನ ತಾಯಿ ಕಣಯ್ಯಾ. ಇದನ್ನ ಕೇಳೋಕೆ ನನ್ನ ಹತ್ರ ಬಂದ್ಯಾ?" ಎಂದರಂತೆ. ಇಷ್ಟು ಹೇಳಿ ಯಜಮಾನರು ಎದ್ದು ಹೋಗಿ, ಬರಿಗೈಯಲ್ಲಿ ಮುಳ್ಳನ್ನೆಲ್ಲ ಎಳೆದು ಬೀದಿಗೆ ಹಾಕಿದರು. ಅವರ ಕೈಯಿಂದ ಮುಳ್ಳು ತೆಗೆಯಲು ನಾನು ಪಿನ್ನು ಹಿಡಿದು ಕೂತರೆ ಕೈ ಕೊಡಲಿಲ್ಲ.

ಓಣಿ ತೆರೆದರೂ ಹಿಂದಿನ ಮನೆಯವರು ಬರಲಿಲ್ಲ. ಆಜ್ಞೆ ಹಾಗೇ ಇತ್ತಲ್ಲ. ಮೂರನೆಯ ದಿನ ಗುಡ್ಡೆಗೆ ಹಾಲುತುಪ್ಪ ಬಿಡಲೂ ಏರಿಯ ಮೇಲೇ ಹೋದರು.

ಮುಂದಿನ ವಾಯಿದೆಗೆ ನಾನೂ ಕೋರ್ಟಿಗೆ ಹೋಗಿದ್ದೆ. ಆ ಬದಿಯಲ್ಲಿ ಭಾವ, ಈ ಬದಿಯಲ್ಲಿ ಯಜಮಾನರು, ಇಬ್ಬರದೂ ಬೋಳಿಸಿದ ತಲೆ. ನಮ್ಮ ವಕೀಲರು ಎದ್ದು, ನಮ್ಮ ಕಕ್ಷಿದಾರರ ತಾಯಿ ತೀರಿಕೊಂಡಿದ್ದಾರೆ, ಸಮಯ ಬೇಕು ಎಂದರು. ಆ ಕಡೆಯವರೂ ಎದ್ದು ಅದನ್ನೇ ಹೇಳಿದರು. ನ್ಯಾಯಾಧೀಶರು ತಲೆ ಎತ್ತಿ, ಇಬ್ಬರ ತಾಯಿಯೂ ಹೋದರೇ ಎಂದು ಕೇಳಿದರು. ನಮ್ಮ ವಕೀಲರು ಮೆಲ್ಲಗೆ, "ಒಬ್ಬರೇ ತಾಯಿ, ಸ್ವಾಮಿ" ಎಂದರು. ನ್ಯಾಯಾಧೀಶರು ಅವರಿಬ್ಬರನ್ನೂ ನೋಡಿದರು. ಆಮೇಲೆ ಇನ್ನೊಂದು ವಾಯಿದೆ ಕೊಟ್ಟರು.

ರಾಜಿ ಮಾಡಿಕೊಂಡರೆ ಆಜ್ಞೆ ಹೋಗುತ್ತದೆ ಎಂದು ವಕೀಲರು ಹೇಳಿದ್ದರು. ಅದಕ್ಕೆ ಇಬ್ಬರೂ ಒಟ್ಟಿಗೆ ಹೋಗಿ ನಿಲ್ಲಬೇಕು. ಯಜಮಾನರು ಹಿರಿಯರ ಕೈಲಿ ಹೇಳಿ ಕಳಿಸಿದರು. ಅವ್ವನಿಗೇ ಸಿಗದ ದಾರಿ ನಮಗ್ಯಾಕೆ ಎಂದು ಭಾವ ಉತ್ತರ ಕಳಿಸಿದರು. ಕೊನೆಗೆ ತೀರ್ಪು ನಮ್ಮ ಕಡೆಗೇ ಆಯಿತು.

ಜಗಲಿಗೆ ಬಂದವರಿಗೆ, ವಕೀಲರನ್ನು ಇಡಿ ಎಂದೇ ಹೇಳುತ್ತೇನೆ. ಪತ್ರ, ಗಡಿ, ಪಾಲು ಅವರಿಗೇ ಗೊತ್ತು. ಅವರನ್ನು ಕೇಳಬೇಕಾಗಿಲ್ಲದ ಸಂಗತಿಗಳೂ ಮನೆಯಲ್ಲಿ ಇರುತ್ತವೆ, ಅವನ್ನು ಮೊದಲು ನೀವೇ ಕೂತು ಆಡಿಕೊಳ್ಳಿ ಎನ್ನುತ್ತೇನೆ. ಕೇಳಿಸಿಕೊಂಡು ಎದ್ದವರಲ್ಲಿ ಕೆಲವರು ಹಿಂದಿನ ಮನೆಗೂ ಹೋಗಿ ಬರುವವರು. ಓಣಿಯ ಕಡೆ ತಿರುಗಿ, ಮಂಡಿಯುದ್ದ ಬೆಳೆದ ಹುಲ್ಲು ನೋಡಿ, ದಾರಿ ಇದೆಯಾ ಎಂದು ನನ್ನನ್ನು ಕೇಳುತ್ತಾರೆ. ನಾನು ನಾಲೆ ಏರಿಯ ಕಡೆ ಕೈ ತೋರಿಸುತ್ತೇನೆ.